ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟಿತಾ? ಇಳಿಸುವ ಮುಂಚೆ ಇಷ್ಟು ನೋಡಿ

ಕಳೆದ ಮಳೆಗಾಲದಲ್ಲಿ ನಮ್ಮ ಎಸ್‌ಯುವಿಯಲ್ಲಿ ಗೇರ್ ಚಿಹ್ನೆಯ ದೀಪ ಹತ್ತಿಕೊಂಡಿತು. ಗಾಡಿ ಒಂದೇ ಗೇರಿನಲ್ಲಿ ಸಿಕ್ಕಿಹಾಕಿಕೊಂಡು ಎಳೆಯಲು ಒದ್ದಾಡುತ್ತಿತ್ತು. ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ ‘ಗೇರ್‌ಬಾಕ್ಸ್ ಹೋಗಿದೆ ಸರ್, ಇಳಿಸಬೇಕು’ ಅಂದುಬಿಟ್ಟರು. ಕೊನೆಗೆ ನೋಡಿದರೆ ಕೆಟ್ಟಿದ್ದು ಹಳೇ ಬ್ಯಾಟರಿ!

ಹಾಗಾಗಿ ಮೊದಲು ಬ್ಯಾಟರಿಯಿಂದಲೇ ಶುರು ಮಾಡಿ. ವೋಲ್ಟೇಜ್ ಕುಸಿದರೆ ಗೇರ್‌ಬಾಕ್ಸಿನ ಕಂಪ್ಯೂಟರ್ ಗಾಬರಿಯಾಗಿ ಇಲ್ಲದ ದೋಷ ತೋರಿಸುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಸುಮಾರು 12.5 ವೋಲ್ಟ್ ಇರಬೇಕು. ಗೇರ್ ಲಿವರ್ ‘ಪಿ’ (ಪಾರ್ಕಿಂಗ್) ಬಿಟ್ಟು ಅಲ್ಲಾಡುತ್ತಲೇ ಇಲ್ಲವಾ? ಬ್ರೇಕ್ ಒತ್ತಿ, ಹಿಂದಿನ ಬ್ರೇಕ್ ದೀಪ ಹತ್ತುತ್ತದಾ ಅಂತ ಯಾರನ್ನಾದರೂ ನೋಡಲು ಹೇಳಿ. ಹತ್ತದಿದ್ದರೆ ಫ್ಯೂಸ್ ಅಥವಾ ಬ್ರೇಕ್ ಸ್ವಿಚ್ ಹೋಗಿರುವ ಸಾಧ್ಯತೆ ಹೆಚ್ಚು. ಅದು ಚಿಕ್ಕ ಖರ್ಚು.

ಮುಂದಿನ ಕೆಲಸ, ನಿಮ್ಮದು ಯಾವ ಬಗೆಯ ಗೇರ್‌ಬಾಕ್ಸ್ ಅಂತ ತಿಳಿದುಕೊಳ್ಳುವುದು. ‘ಆಟೊಮ್ಯಾಟಿಕ್’ ಅಂದರೆ ಒಂದೇ ಅಲ್ಲ. ಹುಂಡೈ ಕ್ರೆಟಾ ಒಂದನ್ನೇ ತಗೊಳ್ಳಿ, ಡೀಸೆಲ್‌ಗೆ ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ದಾಟಿಸುವಂಥದ್ದು), ಮಾಮೂಲಿ ಪೆಟ್ರೋಲ್‌ಗೆ ಐವಿಟಿ ಎಂಬ ಹೆಸರಿನ ಸಿವಿಟಿ (ಗೇರಿನ ಮೆಟ್ಟಿಲುಗಳೇ ಇಲ್ಲದ್ದು), ಟರ್ಬೊ ಪೆಟ್ರೋಲ್‌ಗೆ ಡಿಸಿಟಿ (ಎರಡು ಕ್ಲಚ್‌ನದ್ದು). ಒಂದರಲ್ಲಿ ರೋಗ ಅನಿಸುವುದು ಇನ್ನೊಂದರಲ್ಲಿ ಹುಟ್ಟುಗುಣ. ಎಎಂಟಿ ಗಾಡಿಯಲ್ಲಿ ಗೇರ್ ಬದಲಾಗುವಾಗ ತಲೆ ಒಮ್ಮೆ ಮುಂದೆ ಹೋಗಿ ಬಂದರೆ ಹೆದರಬೇಡಿ, ಒಳಗಿರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಸಿವಿಟಿಯಲ್ಲಿ ಜೋರಾಗಿ ಒತ್ತಿದಾಗ ಎಂಜಿನ್ ಮೊದಲು ಕೂಗಿ ವೇಗ ಆಮೇಲೆ ಬರುವುದೂ ಅಷ್ಟೇ.

ಈಗ ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಕೊಂಡೇ ಲಿವರ್ ಅನ್ನು ‘ಆರ್’ಗೆ (ರಿವರ್ಸ್), ಆಮೇಲೆ ‘ಡಿ’ಗೆ (ಡ್ರೈವ್) ಹಾಕಿ. ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ ಆದರೆ ಒಂದೆರಡು ಸೆಕೆಂಡಿನೊಳಗೆ ಗೇರ್ ಕಚ್ಚಿಕೊಂಡದ್ದು ಗೊತ್ತಾಗಬೇಕು. ಮೂರು ನಾಲ್ಕು ಸೆಕೆಂಡ್ ಸುಮ್ನೆ ನಿಂತು ಆಮೇಲೆ ಧಡಕ್ಕನೆ ಬಿದ್ದರೆ ಆಯಿಲ್ ಕಡಿಮೆ ಇರಬಹುದು, ಒಳಗಿನ ಒತ್ತಡ ಇಳಿದಿರಬಹುದು. ತಡವಾಗದೆ ಬರೀ ಧಡ್ ಅಂದರೆ ಎಂಜಿನ್ ಮೌಂಟ್ (ಎಂಜಿನ್ ಕೂರಿಸಿದ ಆಧಾರ) ಕೂಡ ನೋಡಿಸಿ, ರಬ್ಬರ್ ಹರಿದಿದ್ದರೂ ಹೀಗೇ ಆಗುತ್ತದೆ.

ಆಮೇಲೆ ರಸ್ತೆಗಿಳಿಯಿರಿ. ಪಕ್ಕದಲ್ಲಿ ಮನೆಯವರು ಯಾರಾದರೂ ಕೂತು ಬರೆದುಕೊಳ್ಳಲಿ: ತಣ್ಣಗಿದ್ದಾಗಲಾ, ಬಿಸಿಯಾದ ಮೇಲಾ, ಯಾವ ವೇಗದಲ್ಲಿ, ಎಷ್ಟನೇ ಗೇರಿಗೆ ಹೋಗುವಾಗ. ಮೆಕ್ಯಾನಿಕ್‌ಗೆ ‘ಏನೋ ಒಂಥರಾ ಆಗ್ತಿದೆ’ ಅಂದರೆ ಅವರಾದರೂ ಏನು ಮಾಡಿಯಾರು? ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಏರುತ್ತಿದೆ, ವೇಗ ಏರುತ್ತಿಲ್ಲ ಅಂದರೆ ಸಿವಿಟಿ ಬಿಟ್ಟು ಉಳಿದವುಗಳಲ್ಲಿ ಕ್ಲಚ್ ಜಾರುತ್ತಿರುವ ಸಾಧ್ಯತೆ ಹೆಚ್ಚು. ಟಾರ್ಕ್ ಕನ್ವರ್ಟರ್ ಗಾಡಿ 60-70ರಲ್ಲಿ ಹಗುರ ಕಾಲಿನಲ್ಲಿ ಹೋಗುವಾಗ ರಸ್ತೆ ಉಬ್ಬಿನ ಸಾಲು ದಾಟಿದಂತೆ ನಡುಗಿದರೆ ಕನ್ವರ್ಟರಿನ ಲಾಕಪ್ ಕ್ಲಚ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನೇರ ಕೊಂಡಿ ಹಾಕುವ ಕ್ಲಚ್) ಮೇಲೆ ಅನುಮಾನ ಪಡಬೇಕು. ಆದರೆ ಸ್ಪಾರ್ಕ್ ಪ್ಲಗ್ ಅಥವಾ ಕಾಯಿಲ್ ಕೆಟ್ಟು ಎಂಜಿನ್ ಮಿಸ್ ಹೊಡೆದರೂ ಹೆಚ್ಚುಕಡಿಮೆ ಇದೇ ನಡುಕ! ಎಷ್ಟೋ ಜನ ಮೋಸ ಹೋಗುವುದು ಇಲ್ಲೇ. ನಡುಗುತ್ತಿರುವಾಗ ಬ್ರೇಕನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟಿದರೆ ಸಾಮಾನ್ಯವಾಗಿ ಲಾಕಪ್ ಬಿಡುತ್ತದೆ. ಅದೇ ಕ್ಷಣ ನಡುಕ ನಿಂತರೆ ತೊಂದರೆ ಬಹುತೇಕ ಕನ್ವರ್ಟರ್ ಕಡೆಯದು. ಇದನ್ನು ನೀವು ಮಾಡಬೇಡಿ, ಖಾಲಿ ರಸ್ತೆಯಲ್ಲಿ ಮೆಕ್ಯಾನಿಕ್ ಮಾಡಲಿ, ನೀವು ಪಕ್ಕದಲ್ಲಿ ಕೂತಿರಿ.

ಡಿಸಿಟಿ ಇದ್ದವರಿಗೆ ಒಂದು ಮಾತು. ಚಾರ್ಮಾಡಿ ಘಾಟಿಯ ಏರಿನಲ್ಲಿ ಲಾರಿ ಹಿಂದೆ ಇಂಚಿಂಚು ಹತ್ತುವಾಗ, ಬ್ರೇಕ್ ಬಿಟ್ಟು ಆಕ್ಸಿಲರೇಟರಿನಲ್ಲೇ ಗಾಡಿ ತಡೆದು ನಿಲ್ಲಿಸಿದರೆ ಕ್ಲಚ್ ಕಾದು ಎಚ್ಚರಿಕೆ ಬರುತ್ತದೆ. ಅದರಲ್ಲೂ ಡ್ರೈ ಕ್ಲಚ್ (ಆಯಿಲ್‌ನಲ್ಲಿ ಮುಳುಗಿರದ ಕ್ಲಚ್) ಇದ್ದರೆ ಬೇಗ. ಅದು ಗೇರ್‌ಬಾಕ್ಸ್ ಕೆಟ್ಟದ್ದಲ್ಲ. ಪಕ್ಕಕ್ಕೆ ನಿಲ್ಲಿಸಿ, ‘ಪಿ’ಗೆ ಹಾಕಿ, ಆರಲು ಬಿಡಿ.

ಇನ್ನು ಆಯಿಲ್. ಟಾರ್ಕ್ ಕನ್ವರ್ಟರ್ ಆಯಿಲ್ ಹೊಸದಿದ್ದಾಗ ಸಾಮಾನ್ಯವಾಗಿ ಕೆಂಪಗೆ ತಿಳಿಯಾಗಿರುತ್ತದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಸವೆದಿರಬಹುದು. ಸ್ಟ್ರಾಬೆರಿ ಮಿಲ್ಕ್‌ಶೇಕ್ ತರ ಕಂಡರೆ ಎಂಜಿನ್ ತಣಿಸುವ ಕೂಲೆಂಟ್ ಬೆರೆತಿರಬಹುದು, ಗಾಡಿ ಓಡಿಸಲೇಬೇಡಿ. ಈಚಿನ ಎಷ್ಟೋ ಗಾಡಿಗಳಲ್ಲಿ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ಕೇ ಇಲ್ಲ, ಕಂಪನಿ ಹೇಳಿದ ಬಿಸಿಯಲ್ಲಿ ಕೆಳಗಿನ ಪ್ಲಗ್ ಬಿಚ್ಚಿ ಮಟ್ಟ ನೋಡಬೇಕು, ಮನೆಯಲ್ಲಿ ಆಗುವ ಕೆಲಸವಲ್ಲ. ಸಿವಿಟಿಗೆ ಅದರದ್ದೇ ಬೇರೆ ಆಯಿಲ್, ‘ಎಲ್ಲಾ ಒಂದೇ ಸರ್’ ಅನ್ನುವವರ ಕೈಗೆ ಗಾಡಿ ಕೊಡಬೇಡಿ.

ಕೊನೆಗೆ ಗಾಡಿಯ ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್. ಪಿ0700 ಅಂತ ಬಂದರೆ ಗೇರ್‌ಬಾಕ್ಸಿನ ಕಂಪ್ಯೂಟರ್ ಕೂಗುತ್ತಿದೆ ಅಂತಷ್ಟೇ, ಕಾರಣ ಇನ್ನೊಂದು ಕೋಡಿನಲ್ಲಿರುತ್ತದೆ. ಪಿ0741 ಲಾಕಪ್‌ನದ್ದು, ಪಿ0715 ವೇಗ ಅಳೆಯುವ ಒಂದು ಸೆನ್ಸರಿನದ್ದು. ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಗೇರ್‌ಬಾಕ್ಸಿನ ಎಲ್ಲ ಕೋಡನ್ನೂ ಓದುವುದಿಲ್ಲ. ಸಿಕ್ಕಿದ್ದನ್ನು ಫೋಟೊ ತೆಗೆದಿಡಿ, ಅಳಿಸಬೇಡಿ.

ಗಾಡಿ ಮುಂದಕ್ಕೇ ಹೋಗದಿದ್ದರೆ ಹಗ್ಗ ಕಟ್ಟಿ ಎಳೆಸುವ ಆಸೆ ಬೇಡ. ಎಂಜಿನ್ ಆಫ್ ಆದರೆ ಹೆಚ್ಚಿನ ಗೇರ್‌ಬಾಕ್ಸ್‌ಗಳಲ್ಲಿ ಆಯಿಲ್ ಪಂಪ್ ತಿರುಗುವುದಿಲ್ಲ, ಚಕ್ರ ತಿರುಗುತ್ತಿದ್ದರೆ ಒಳಗಿನ ಭಾಗಗಳು ಒಣಗಿ ಉಜ್ಜುತ್ತವೆ. ಟೋಯಿಂಗ್‌ನವರಿಗೆ ಫೋನ್ ಮಾಡಿದಾಗ ‘ಫ್ಲಾಟ್‌ಬೆಡ್ ಲಾರಿಯನ್ನೇ ಕಳಿಸಿ’ ಅನ್ನಿ, ಅಂದರೆ ಗಾಡಿಯನ್ನು ಪೂರ್ತಿ ಮೇಲೆ ಹೇರಿಕೊಳ್ಳುವ ಲಾರಿ.