ಬಾಡಿದ ಟೊಮೆಟೊ ಗಿಡಕ್ಕೆ ನೀರು ಹಾಕುವ ಮುನ್ನ

ಕುಂಡದ ಟೊಮೆಟೊ ಗಿಡ ಎಲೆ ಜೋಲು ಹಾಕಿಕೊಂಡು ನಿಂತಿದ್ದು ಕಂಡರೆ ಸಾಕು, ಕೈ ತಾನಾಗಿ ಚೊಂಬಿಗೆ ಹೋಗುತ್ತದೆ. ಹಾಗೆ ನೀರು ಕುಡಿಸಿ ಕುಡಿಸಿಯೇ ಮೊದಮೊದಲು ನಾನು ಎಷ್ಟೋ ಗಿಡಗಳನ್ನು ಕೊಂದಿದ್ದೇನೆ. ಬಾಯಾರಿದ ಗಿಡವೂ ಬಾಡುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತ ಗಿಡವೂ ಬಾಡುತ್ತದೆ. ಮೇಲಿಂದ ನೋಡಿದರೆ ಎರಡೂ ಒಂದೇ ಥರ. ಅದಕ್ಕೇ ಹೇಳುವುದು, ಎಲೆ ನೋಡಿ ತೀರ್ಮಾನಕ್ಕೆ ಬರಬೇಡಿ. ಮೊದಲು ಹೊತ್ತು ನೋಡಿ, ಆಮೇಲೆ ಮಣ್ಣು ನೋಡಿ.

ನಡುಮಧ್ಯಾಹ್ನದ ಬಿಸಿಲಿಗೆ ಎಲೆಯಿಂದ ನೀರು ಆವಿಯಾಗಿ ಹೋಗುವಷ್ಟು ಬೇಗ ಬೇರಿಗೆ ನೀರು ಎಳೆದುಕೊಡಲು ಆಗುವುದಿಲ್ಲ. ಮಣ್ಣು ಹಸಿಯಿದ್ದರೂ ಗಿಡ ಜೋತುಬೀಳುತ್ತದೆ, ಸಂಜೆ ತಂಪಾದ ಮೇಲೆ ತಾನೇ ಏಳುತ್ತದೆ. ಆಗ ಅದರ ಪಾಡಿಗೆ ಬಿಡಿ, ಬೇಕಾದರೆ ಮಧ್ಯಾಹ್ನಕ್ಕೆ ಒಂದಿಷ್ಟು ನೆರಳು ಮಾಡಿಕೊಡಿ. ಹೊಸದಾಗಿ ನೆಟ್ಟ ಸಸಿಯೂ ಒಂದೆರಡು ದಿನ ಹೀಗೇ ಇರುತ್ತದೆ. ಆದರೆ ಬೆಳಗ್ಗೆ ಬಿಸಿಲೇರುವ ಮುಂಚೆಯೂ ಎಲೆ ಜೋತಿದ್ದರೆ ಅಸಡ್ಡೆ ಮಾಡುವಂತಿಲ್ಲ.

ಬೆರಳನ್ನು ಎರಡು ಗೆಣ್ಣು ಮುಳುಗುವವರೆಗೆ ಮಣ್ಣಿಗೆ ಇಳಿಸಿ. ಮೇಲ್ಮಣ್ಣು ಮೋಸ ಮಾಡುತ್ತದೆ, ಅದು ಒಣಗಿದ್ದರೂ ಒಳಗೆ ಕೆಸರಿರಬಹುದು. ಕುಂಡ ಎತ್ತುವಂಥದ್ದಾದರೆ ನೀರು ಹಾಕಿದ ದಿನ ಒಮ್ಮೆ ಎತ್ತಿ, ಆ ಭಾರ ನೆನಪಿಟ್ಟುಕೊಳ್ಳಿ. ಒಣಗಿದ ಕುಂಡ ಎಷ್ಟು ಹಗುರ ಎಂಬುದು ಕೈಗೇ ಗೊತ್ತಾಗಿಬಿಡುತ್ತದೆ.

ಒಳಗೂ ಒಣಗಿದ್ದರೆ ನೀರೇ ಔಷಧ. ಆದರೆ ಕೊಡುವ ರೀತಿ ಬೇರೆ. ಕುಂಡಕ್ಕೆ ತುಂಬಿದ ಮಣ್ಣಿನ ಮಿಶ್ರಣ ತೀರಾ ಒಣಗಿದರೆ, ಅದರಲ್ಲೂ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚಿದ್ದರೆ, ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಹಾಕಿದ ನೀರು ಆ ಸಂದಿಯಲ್ಲೇ ಜಾರಿ ತಳದಿಂದ ಹೊರಗೆ. ನಾವು ಹೊಟ್ಟೆ ತುಂಬಿತು ಅಂದುಕೊಳ್ಳುತ್ತೇವೆ, ನಡುವಿನ ಬೇರಿಗೆ ಹನಿಯೂ ತಲುಪಿರುವುದಿಲ್ಲ. ಕುಂಡವನ್ನು ನೀರು ತುಂಬಿದ ಟಬ್ಬಿನಲ್ಲಿಡಿ. ಗುಳ್ಳೆ ಬರುವುದು ನಿಂತ ಮೇಲೆ ಎತ್ತಿ, ನೀರು ಬಸಿಯಲು ಬಿಡಿ. ಹೀಗೆ ಮಾಡಿದರೂ ಮರುದಿನವೇ ಮತ್ತೆ ಬಾಡಿದರೆ ಕುಂಡ ಚಿಕ್ಕದಾಗಿದೆ ಅಂತ ಅರ್ಥ. ಒಂದು ಗಿಡಕ್ಕೆ 18–20 ಲೀಟರ್ ಹಿಡಿಯುವ ಕುಂಡವಾದರೂ ಬೇಕು. ಪುಟ್ಟ ಡಬ್ಬಿಯಲ್ಲಿ ಕಾಯಿ ಹೊತ್ತ ಗಿಡ ಇಟ್ಟುಕೊಂಡವರು ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು ಹೊರಬೇಕಾಗುತ್ತದೆ.

ಮಣ್ಣು ಒದ್ದೆಯಿದ್ದೂ ಬೆಳಗ್ಗೆ ಬಾಡಿದ್ದರೆ? ಆಗ ಚೊಂಬನ್ನು ದೂರ ಇಡಿ. ನಾನು ನೆಲ ಕೊಳೆಯಾಗಬಾರದೆಂದು ಕುಂಡದಡಿ ತಟ್ಟೆ ಇಟ್ಟಿದ್ದೆ. ಅದರಲ್ಲಿ ನೀರು ಸದಾ ನಿಂತಿರುತ್ತಿತ್ತು. ಕೆಳಗಿನ ಎಲೆ ಹಳದಿಯಾದವು, ಮೇಲಿನವು ಜೋತುಬಿದ್ದವು, ನಾನು ಇನ್ನಷ್ಟು ನೀರು ಹಾಕಿದೆ. ಕೊನೆಗೆ ಗಿಡ ಬೋರಲು ಹಾಕಿ ನೋಡಿದರೆ ಚರಂಡಿ ವಾಸನೆ. ಒಳ್ಳೆಯ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದು ಬಣ್ಣಕ್ಕೆ ತಿರುಗಿ, ಎರಡು ಬೆರಳಲ್ಲಿ ಹಿಡಿದೆಳೆದರೆ ಸಿಪ್ಪೆ ಕಳಚಿ ಬಂದು ಒಳಗಿನ ದಾರ ಮಾತ್ರ ಉಳಿಯುತ್ತದೆ. ಗಾಳಿಯಿಲ್ಲದೆ ಬೇರು ಸತ್ತಿರುತ್ತದೆ. ಸತ್ತ ಬೇರು ನೀರೊಳಗಿದ್ದರೂ ನೀರು ಎಳೆಯಲಾರದು.

ಅರ್ಧ ಬೇರಾದರೂ ಬೆಳ್ಳಗಿದ್ದರೆ ಗಿಡ ಉಳಿಯಬಹುದು. ಕೊಳೆತದ್ದು ಕತ್ತರಿಸಿ, ಹೊಸ ಸಡಿಲ ಮಿಶ್ರಣದಲ್ಲಿ ನೆಟ್ಟು, ಕಾಯಿ ಕಿತ್ತು ಹೊರೆ ಇಳಿಸಿ, ನಾಲ್ಕು ದಿನ ನೆರಳಲ್ಲಿಡಿ. ತಳದ ತೂತು ಮುಚ್ಚಿದೆಯೇ ನೋಡಿ, ಕುಂಡವನ್ನು ಇಟ್ಟಿಗೆ ಚೂರಿನ ಮೇಲೆ ಎತ್ತಿಡಿ. ಸುಸ್ತಾಗಿದೆಯಲ್ಲಾ ಅಂತ ಗೊಬ್ಬರ ಮಾತ್ರ ಹಾಕಬೇಡಿ. ಗೊಬ್ಬರದ ಉಪ್ಪು ಹೆಚ್ಚಾದರೂ ಗಿಡ ಬಾಡುತ್ತದೆ, ಏಕೆಂದರೆ ಬೇರಿಗೆ ಹೋಗಬೇಕಾದ ನೀರನ್ನು ಉಪ್ಪು ತಡೆಹಿಡಿಯುತ್ತದೆ. ಎಲೆಯಂಚು ಸುಟ್ಟಂತೆ ಕಂಡು, ಮಣ್ಣಿನ ಮೇಲೆ ಬಿಳಿ ಹೆಪ್ಪು ಕಟ್ಟಿದ್ದರೆ, ಕುಂಡದ ಎರಡು ಪಟ್ಟು ನೀರನ್ನು ನಿಧಾನವಾಗಿ ಹರಿಸಿ ತೊಳೆದುಬಿಡಿ. ಅದಕ್ಕೆ ಮುಂಚೆ ನೀರು ಸಲೀಸಾಗಿ ಬಸಿಯುತ್ತದೆಯೇ ನೋಡಿಕೊಳ್ಳಿ.

ಕಪ್ಪು ಕುಂಡವಾದರೆ ಬಿಸಿಲಿರುವಾಗ ಅದರ ಹೊರಗೋಡೆ ಮುಟ್ಟಿ ನೋಡಿ. ಕೈ ಚುರ್ರೆಂದರೆ ಒಳಗೆ ಬೇರು ಬೇಯುತ್ತಿದೆ. ಒಂದು ಬಿಳಿ ಬಟ್ಟೆ ಸುತ್ತಿ.

ಇಷ್ಟಕ್ಕೂ ಬಗ್ಗದಿದ್ದರೆ ಸೊರಗು ರೋಗ. ಹಸಿರಾಗಿಯೇ ಇದ್ದ ಗಿಡ ಹಠಾತ್ತನೆ ಬಾಡಿ, ಒಂದೆರಡು ರಾತ್ರಿ ಚೇತರಿಸಿಕೊಂಡಂತೆ ಕಂಡು, ಮತ್ತೆ ಏಳದೇ ಹೋದರೆ ದುಂಡಾಣು (ಬ್ಯಾಕ್ಟೀರಿಯಾ) ಸೊರಗಿನ ಗುಮಾನಿ. ಬುಡದ ಹತ್ತಿರ ಕಾಂಡದ ತುಂಡೊಂದು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ಬಾಯಿ ಮುಳುಗುವಂತೆ ಹಿಡಿಯಿರಿ. ಅಲುಗಾಡಿಸಬಾರದು. ಕೆಲವೇ ನಿಮಿಷದಲ್ಲಿ ಹಾಲಿನಂಥ ಸಣ್ಣ ಎಳೆ ಕಾಂಡದಿಂದ ಇಳಿಯತೊಡಗಿದರೆ ಅದೇ. ಮೊದಲ ಸಲ ನೋಡಿದಾಗ ನನಗಂತೂ ಗಿಡ ಕಳೆದುಕೊಂಡ ಬೇಜಾರಿಗಿಂತ ಆ ಎಳೆ ನೋಡುವ ಬೆರಗೇ ಹೆಚ್ಚಾಗಿತ್ತು. ಎಳೆ ಬಾರದೆ, ಎಲೆಗಳು ಗಿಡದ ಒಂದೇ ಪಕ್ಕದಲ್ಲಿ ಕೆಳಗಿನಿಂದ ಹಳದಿಯಾಗುತ್ತಾ ಬಂದು, ಸೀಳಿದ ಕಾಂಡದೊಳಗೆ ಕಂದು ಗೆರೆ ಕಂಡರೆ ಶಿಲೀಂಧ್ರದ ಸೊರಗು, ಫ್ಯುಸೇರಿಯಂ. ಬೇರಿನ ತುಂಬಾ ಗಂಟುಗಂಟಾಗಿದ್ದರೆ ಜಂತುಹುಳು, ಅಂದರೆ ಬೇರಿನೊಳಗೆ ಸೇರಿಕೊಳ್ಳುವ ಸೂಕ್ಷ್ಮ ಹುಳು (ನೆಮಟೋಡ್).

ಈ ಮೂರಕ್ಕೂ ಮನೆಮದ್ದು ಹುಡುಕಿ ಹೊತ್ತು ಕಳೆಯಬೇಡಿ. ಸೊರಗು ತಗುಲಿದ ಗಿಡವನ್ನು ಮಣ್ಣಿನ ಸಮೇತ ಚೀಲ ಕಟ್ಟಿ ಬಿಸಾಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಮಣ್ಣಿನಲ್ಲಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆಯೂ ಬೇಡ, ಎಲ್ಲವೂ ಟೊಮೆಟೊದ ದಾಯಾದಿಗಳೇ. ಕುಂಡ ಉಜ್ಜಿ ತೊಳೆದು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಸಿ. ಕತ್ತರಿಯನ್ನು ಮರೆಯಬೇಡಿ, ಒಂದು ಗಿಡದಿಂದ ಇನ್ನೊಂದಕ್ಕೆ ರೋಗ ಹೊರುವುದು ಅದೇ. ಮುಂದಿನ ಸಲ ಬೀಜ ಕೊಳ್ಳುವಾಗ ಪೊಟ್ಟಣದ ಮೇಲೆ ಎಫ್, ಎನ್ ಅಕ್ಷರಗಳಿವೆಯೇ ನೋಡಿ. ಎಫ್ ಎಂದರೆ ಫ್ಯುಸೇರಿಯಂ, ಎನ್ ಎಂದರೆ ಜಂತುಹುಳು ತಡೆದುಕೊಳ್ಳುವ ತಳಿ. ಎಫ್1 ಎಂದು ಬರೆದಿದ್ದರೆ ಮಾತ್ರ ಮೋಸಹೋಗಬೇಡಿ, ಅದು ಹೈಬ್ರಿಡ್ ಎಂದಷ್ಟೇ ಹೇಳುತ್ತದೆ.