ಲಾರಿ ಪಟ್ಟಿ, ಶೇಂಗಾ ಎಣ್ಣೆ ಮತ್ತು ಬಿರುಕು ಬಿಟ್ಟ ಬ್ಲೇಡು

ಬಕೆಟ್ಟಿನೊಳಗೆ ಟಿಕ್ ಅಂತ ಸಣ್ಣ ಸದ್ದು. ಗುಳ್ಳೆ ಇರಬೇಕು ಅಂದುಕೊಂಡೆ. ಇಕ್ಕಳದಲ್ಲಿ ಎತ್ತಿ ನೋಡಿದರೆ ಬ್ಲೇಡಿನ ಬಾಯಿಯಿಂದ ಬೋಲ್ಟ್ ತೂತಿನವರೆಗೆ ಕೂದಲೆಳೆಯಂಥ ಬಿರುಕು. ಎರಡು ದಿನ ಗ್ರೈಂಡರ್ ಹಿಡಿದದ್ದು ಗುಜರಿ ಪಾಲಾಯಿತು.

ಚಿತ್ರದುರ್ಗದಲ್ಲಿ ಹೈವೇ ಪಕ್ಕ ನನ್ನದೊಂದು ವೆಲ್ಡಿಂಗ್ ಶಾಪ್ ಇದೆ. ಲಾರಿಗಳ ತುಂಡಾದ ಸ್ಪ್ರಿಂಗ್ ಪಟ್ಟಿ ಇಲ್ಲಿ ಬೇಕಾದಷ್ಟು ಸಿಗುತ್ತದೆ. ಅದರಲ್ಲಿ ಇಂಗಾಲ ಸುಮಾರು ಶೇ. 0.5ರಿಂದ 0.6 ಇರುತ್ತದೆ, ಹರಿತ ನಿಲ್ಲೋಕೆ ಅಷ್ಟು ಸಾಕು. ಮಾವನ ಮನೆಯ ಮೇವು ಕತ್ತರಿಸುವ ಯಂತ್ರಕ್ಕೆ ಅದರಲ್ಲೇ ಬ್ಲೇಡು ಮಾಡಿಕೊಡ್ತೀನಿ ಅಂತ ಒಪ್ಪಿಕೊಂಡಿದ್ದೆ.

ಕಾಯಿಸುವುದು ಕಷ್ಟವಲ್ಲ. ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟುವುದು ನಿಂತ ಮೇಲೆ ಇನ್ನೊಂಚೂರು, 850ರ ಹತ್ತಿರ, ಕಾಯಿಸಬೇಕು. ನಮ್ಮ ಬೀದಿಯ ಕುಲುಮೆ ಅಜ್ಜ ಮೊದಲೇ ಹೇಳಿದ್ದರು, “ಬಿಸಿಲಲ್ಲಿ ಬಣ್ಣ ನೋಡಬ್ಯಾಡ ಕಣಪ್ಪ, ಮೋಸ ಹೋಗ್ತೀಯ.” ಅದಕ್ಕೇ ಸಂಜೆ ಮೇಲೆ ಕೆಲಸ. ಎಡವಟ್ಟಾಗಿದ್ದು ಗಟ್ಟಿಯಾಗಲಿ ಅಂತ ನೀರಿನ ಬಕೆಟ್ಟಿಗೆ ಹಾಕಿ ತಣಿಸುವಾಗ.

ಸುಮ್ನೆ ಇನ್ನೊಂದು ಬ್ಲೇಡು ಹಾಳು ಮಾಡೋದಕ್ಕಿಂತ ಯಾಕೆ ಒಡೀತು ಅಂತ ನೋಡೋಣ ಅನ್ನಿಸಿತು. ಅದೇ ಪಟ್ಟಿಯಲ್ಲಿ ಮೂರು ತುಂಡು ಕೊಯ್ದು ಒಟ್ಟಿಗೇ ಕಾಯಿಸಿದೆ. ಒಂದನ್ನು ಬೂದಿಯಲ್ಲಿ ಹೂತೆ, ಒಂದು ನೀರಿಗೆ, ಒಂದು ಚಳ್ಳಕೆರೆಯಿಂದ ತಂದ ಶೇಂಗಾ ಎಣ್ಣೆಗೆ. (ಹಳೇ ಇಂಜಿನ್ ಆಯಿಲ್ ಹಾಕುವವರಿದ್ದಾರೆ, ಆ ಹೊಗೆ ನನಗೆ ಬೇಡ.) ಮೂರನ್ನೂ ಎಮರಿ ಕಾಗದದಲ್ಲಿ 220 ನಂಬರಿನಿಂದ 1200ರವರೆಗೆ ಕನ್ನಡಿಯಾಗುವ ತನಕ ಉಜ್ಜಿದೆ. ಕೈ ಬಿದ್ದುಹೋಗುತ್ತೆ, ಆದರೆ ಇದರಲ್ಲಿ ಅವಸರ ಮಾಡಿದರೆ ಮೈಕ್ರೋಸ್ಕೋಪಿನಲ್ಲಿ ಬರೀ ಗೀರು ಕಾಣುತ್ತವೆ. ಕಾಲೇಜಿನ ಲ್ಯಾಬಿನಲ್ಲಿರುವ ಗೆಳೆಯ ಆಲ್ಕೋಹಾಲಿಗೆ ಶೇ. 2ರಷ್ಟು ನೈಟ್ರಿಕ್ ಆಮ್ಲ ಬೆರೆಸಿ ಸವರಿದ. ಕೆಲವು ಸೆಕೆಂಡಿನಲ್ಲಿ ಹೊಳಪು ಮಂಕಾಯಿತು, ತೊಳೆದು ಮೈಕ್ರೋಸ್ಕೋಪಿನ ಕೆಳಗಿಟ್ಟೆವು.

ಬೂದಿಯ ತುಂಡಿನಲ್ಲಿ ಬೆರಳಚ್ಚಿನ ಹಾಗೆ ಪಕ್ಕಪಕ್ಕ ಗೆರೆಗಳು. ಇದು ಪರ್ಲೈಟ್. ಕೆಂಪಗೆ ಕಾದ ಉಕ್ಕಿನಲ್ಲಿ ಇಂಗಾಲ, ಚಹಾದಲ್ಲಿ ಸಕ್ಕರೆ ಕರಗಿದ ಹಾಗೆ ಕರಗಿರುತ್ತದೆ, ನಿಧಾನ ತಣಿದರೆ ಅದಕ್ಕೆ ಓಡಾಡಲು ಟೈಮ್ ಸಿಕ್ಕಿ ಒಂದು ಪದರ ಮೆತ್ತನೆ ಕಬ್ಬಿಣ, ಒಂದು ಪದರ ಗಟ್ಟಿ ಕಾರ್ಬೈಡ್ (ಕಬ್ಬಿಣ, ಇಂಗಾಲ ಸೇರಿ ಆದದ್ದು) ಅಂತ ಬೇರೆಯಾಗುತ್ತದೆ. ನೀರಿನ ತುಂಡಿನಲ್ಲಿ ಅಡ್ಡಾದಿಡ್ಡಿ ಸೂಜಿಗಳು, ನಡುವೆ ಒಂದು ಬಿರುಕು. ಸೂಜಿಗಳು ಮಾರ್ಟೆನ್ಸೈಟ್, ಜರ್ಮನಿಯ ಲೋಹಶಾಸ್ತ್ರಜ್ಞ ಅಡೋಲ್ಫ್ ಮಾರ್ಟೆನ್ಸ್ ಅವರ ಹೆಸರು ಅದಕ್ಕೆ. ಇಂಗಾಲಕ್ಕೆ ಹೊರಬೀಳಲು ಟೈಮೇ ಸಿಗದೆ ಹರಳಿನೊಳಗೇ ಸಿಕ್ಕಿಬಿದ್ದು ಅದನ್ನು ಒಂದು ಕಡೆಗೆ ಎಳೆಯುತ್ತದೆ, ಉಕ್ಕು ಗಟ್ಟಿಯಾಗುತ್ತದೆ, ಜೊತೆಗೆ ಸ್ವಲ್ಪ ಉಬ್ಬುತ್ತದೆ.

ನನಗೆ ಆಶ್ಚರ್ಯ ಆಗಿದ್ದು ಮೂರನೆಯದು. ಎಣ್ಣೆಯ ತುಂಡಿನಲ್ಲೂ ಅವೇ ಸೂಜಿಗಳು! ಅರ ಹಾಕಿದರೆ ಎರಡರ ಮೇಲೂ ಜಾರುತ್ತಿತ್ತು, ಎರಡೂ ಅಷ್ಟು ಗಟ್ಟಿ. ಅಂದರೆ ನೀರಿನ ಆ ಜಾಸ್ತಿ ವೇಗದಿಂದ ನನಗೆ ಸಿಕ್ಕಿದ್ದು ಬಿರುಕು ಮಾತ್ರ. ಪರ್ಲೈಟ್ ಕಟ್ಟುವುದು 700ರಿಂದ 500 ಡಿಗ್ರಿಯ ನಡುವೆ, ಅದು ಕಟ್ಟದ ಹಾಗೆ ಅಲ್ಲಿ ಬೇಗ ತಣಿಸಿ ದಾಟಬೇಕು. ಮಾರ್ಟೆನ್ಸೈಟ್ ಶುರುವಾಗುವುದು ಈ ಉಕ್ಕಿನಲ್ಲಿ 300ರ ಆಸುಪಾಸಿನಲ್ಲಿ, ಅಲ್ಲಿ ನಿಧಾನ ಆದಷ್ಟೂ ಒಳ್ಳೆಯದು, ಯಾಕೆಂದರೆ ಹೊರಮೈ ಮೊದಲು ಗಟ್ಟಿಯಾಗಿ ಕೂತ ಮೇಲೆ ಒಳಗಿನದು ಉಬ್ಬಲು ಹೋದರೆ ಎಲ್ಲೋ ಒಂದು ಕಡೆ ಹರಿಯಲೇಬೇಕು, ಅದು ತೂತಿನ ಚೂಪು ಅಂಚನ್ನೇ ಹುಡುಕಿಕೊಳ್ಳುತ್ತದೆ.

ನೀರಿನದು ಇನ್ನೊಂದು ಕಾಟ. ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದರೆ ಹನಿಗಳು ಕುಣಿದಾಡುತ್ತವೆ ಅಲ್ವಾ, ಅವುಗಳ ಕೆಳಗೆ ಹಬೆಯ ಪದರ ಇರುತ್ತದೆ. ಬ್ಲೇಡಿನ ಸುತ್ತಲೂ ಅದೇ ಆಗುತ್ತದೆ, ಒಂದು ಕಡೆ ಹಬೆ ಹರಿದು ಬೇಗ ತಣಿದರೆ ಇನ್ನೊಂದು ಕಡೆ ಕೆಂಪಗೇ ಇರುತ್ತದೆ.

ಬೇಗ ತಣಿದದ್ದಕ್ಕೂ ನಿಧಾನ ತಣಿದದ್ದಕ್ಕೂ ಇರುವ ವ್ಯತ್ಯಾಸವನ್ನು ಮೈಕ್ರೋಸ್ಕೋಪ್ ಇಲ್ಲದೆ ನೋಡಬೇಕಾದರೆ ಮನೆ ಕಟ್ಟುವ ಕಡೆಯಿಂದ ಟಿಎಂಟಿ ಕಂಬಿಯ ತುಂಡು ತನ್ನಿ. ಅಡ್ಡ ಕೊಯ್ದು ಉಜ್ಜಿ ಅದೇ ಆಮ್ಲ ಸವರಿದರೆ ಹೊರಗೆ ಕಪ್ಪು ಬಳೆ, ಒಳಗೆ ತಿಳಿ ಬಣ್ಣ ಬರಿಗಣ್ಣಿಗೇ ಕಾಣುತ್ತದೆ. ಮಿಲ್ಲಿನಲ್ಲಿ ಹೊರಮೈಗೆ ಮಾತ್ರ ನೀರು ಹೊಡೆದದ್ದರ ಗುರುತು ಅದು.

ಎರಡನೇ ಬ್ಲೇಡಿಗೆ ತೂತಿನ ಅಂಚು ದುಂಡಗೆ ಮಾಡಿದೆ. ಎಣ್ಣೆಯನ್ನು 50–60 ಡಿಗ್ರಿಗೆ ಕಾಯಿಸಿಕೊಂಡೆ, ತೆಳುವಾದರೆ ಚೆನ್ನಾಗಿ ಹರಿದು ಬೇಗ ಶಾಖ ಎಳೆಯುತ್ತದೆ. ಬ್ಲೇಡನ್ನು ಒಂದೇ ಸಲ ಪೂರ್ತಿ ಮುಳುಗಿಸಬೇಕು, ಅರ್ಧ ಹೊರಗಿದ್ದರೆ ಎಣ್ಣೆಗೆ ಬೆಂಕಿ ಹತ್ತುತ್ತದೆ. ಮುಚ್ಚಲು ತಗಡು ಪಕ್ಕದಲ್ಲೇ ಇರಲಿ, ನೀರು ಮಾತ್ರ ಹಾಕಬೇಡಿ.

ಹೀಗೆ ಬಂದ ಬ್ಲೇಡು ಗಾಜಿನ ಹಾಗೆ, ಬಿದ್ದರೆ ಒಡೆಯುತ್ತದೆ. ಅದನ್ನು 220 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಸಿಕ್ಕಿಬಿದ್ದ ಇಂಗಾಲ ಸ್ವಲ್ಪ ಸಡಿಲವಾಗಿ ಹದ ಬರುತ್ತದೆ. ನನ್ನ ಹತ್ತಿರ ಇದ್ದದ್ದು ಮನೆಯ ಕೇಕ್ ಓವನ್. ಸರಿಯಾಗಿ ಒರೆಸದೇ ಇಟ್ಟಿದ್ದರಿಂದ ಮನೆಯೆಲ್ಲ ಶೇಂಗಾ ಎಣ್ಣೆ ಘಾಟು, ಪಕ್ಕದ ಮನೆಯವರು ಬೋಂಡಾ ಏನಾದ್ರೂ ಕರೀತಿದೀರಾ ಅಂತ ಕೇಳಿದರು. ಅವ್ವ ಇನ್ನೂ ಓವನ್ ಮುಟ್ಟೋಕೆ ಬಿಡ್ತಿಲ್ಲ. ಬ್ಲೇಡು ತಿಳಿ ಹುಲ್ಲಿನ ಬಣ್ಣಕ್ಕೆ ಬಂದಿತ್ತು, ಈಗ ಮಾವನ ಮನೆಯಲ್ಲಿ ಜೋಳದ ದಂಟು ಕತ್ತರಿಸುತ್ತಿದೆ.