ಟಿಯುಆರ್‌ಪಿ ನಂತರ 22ರ ಬದಲು 20ರ ಸಿಲಿಕೋನ್: ನನ್ನ ಅನುಭವ

ಟಿಯುಆರ್‌ಪಿ (ಮೂತ್ರನಾಳದ ಮೂಲಕ ಪ್ರಾಸ್ಟೇಟ್ ಗ್ರಂಥಿಯನ್ನು ಕೆತ್ತಿ ತೆಗೆಯುವ ಶಸ್ತ್ರಚಿಕಿತ್ಸೆ) ಆದ ರೋಗಿಗೆ 22ರ (ಫ್ರೆಂಚ್ ಅಳತೆಯ ದಪ್ಪ) ಲೇಟೆಕ್ಸ್ ತ್ರೀವೇ ಕ್ಯಾಥೆಟರ್, ಅಂದರೆ ಮೂತ್ರ ಹೊರಬರಲು, ತೊಳೆಯುವ ಸಲೈನ್ ಒಳಹೋಗಲು ಮತ್ತು ಬಲೂನು ತುಂಬಲು ಮೂರು ದಾರಿಗಳಿರುವ ನಳಿಕೆ, ಹಾಕುವುದು, ಅದರ ಒಳತುದಿಯ ಬಲೂನಿಗೆ 50 ಎಂ.ಎಲ್. ನೀರು ತುಂಬುವುದು, ರಕ್ತಸ್ರಾವ ತಡೆಯಲೆಂದು ನಳಿಕೆಯನ್ನು ಎಳೆದು ತೊಡೆಗೆ ಪ್ಲಾಸ್ಟರ್ ಹಚ್ಚಿ ಮರುದಿನದ ರೌಂಡ್ಸ್‌ವರೆಗೂ ಹಾಗೆಯೇ ಬಿಡುವುದು ಚಿಕ್ಕಮಗಳೂರಿನ ನಮ್ಮ ಆಸ್ಪತ್ರೆಯಲ್ಲಿ ಬಹುಕಾಲ ನಡೆದುಬಂದ ಪದ್ಧತಿಯಾಗಿತ್ತು. ಈ ಮೂರನ್ನೂ ಬದಲಾಯಿಸಿದ ಮೇಲೆ ನಮ್ಮ ವಾರ್ಡಿನ ರಾತ್ರಿ ಪಾಳಿ ಎಷ್ಟು ಹಗುರವಾಗಿದೆಯೆಂದರೆ, ಮೊದಲು ನನ್ನನ್ನು ಕಂಡು ನಕ್ಕವರೇ ಈಗ ಹೊಸಬರಿಗೆ ಇದನ್ನು ಹೇಳಿಕೊಡುತ್ತಿದ್ದಾರೆ.

ತೊಂದರೆ ಏನೆಂಬುದು ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತು. ಸ್ಪೈನಲ್ ಅರಿವಳಿಕೆಯ ಪರಿಣಾಮ ಇಳಿಯುತ್ತಿದ್ದಂತೆ ರೋಗಿಗೆ ತಡೆಯಲಾರದಷ್ಟು ಮೂತ್ರದ ಅವಸರವಾಗುತ್ತದೆ. ಮೂಡಿಗೆರೆ ಕಡೆಯ ಹಿರಿಯ ತೋಟಗಾರರೊಬ್ಬರು ನನ್ನ ಕೈ ಹಿಡಿದುಕೊಂಡು, “ಒಂದೇ ಒಂದು ಸಲ ಬಚ್ಚಲಿಗೆ ಬಿಡಿ ಬ್ರದರ್, ಹಾಸಿಗೆಯಲ್ಲೇ ಆಗಿಬಿಡುತ್ತೆ” ಎಂದು ಬೇಡಿಕೊಂಡಿದ್ದರು. ಅಷ್ಟರಲ್ಲಿ ಕ್ಯಾಥೆಟರಿನ ಸುತ್ತಲಿಂದ ಸೋರಿ ಪಂಚೆ, ಹಾಸಿಗೆ ಎರಡೂ ಒದ್ದೆಯಾಗಿದ್ದವು. ಹೀಗೆ ಸೋರಿದಾಗ ಇನ್ನೂ ದಪ್ಪ ಕ್ಯಾಥೆಟರ್ ಹಾಕಬೇಕೆಂದು ಕಿರಿಯರಿಗೆ ಅನ್ನಿಸುವುದು ಸಹಜ. ಸೋರುವುದು ಸಾಮಾನ್ಯವಾಗಿ ಕ್ಲಾಟ್ (ಹೆಪ್ಪುಗಟ್ಟಿದ ರಕ್ತ) ಅಡ್ಡ ಬಂದಿರುವುದರಿಂದ, ಇಲ್ಲವೇ ಮೂತ್ರಕೋಶ ಬಿಗಿಹಿಡಿಯುವುದರಿಂದ (ಸ್ಪಾಸಮ್). ಮೊದಲು ದೊಡ್ಡ ಸಿರಿಂಜಿನಿಂದ ತೊಳೆದು ನೋಡಬೇಕು. ದಾರಿ ಸಲೀಸಾಗಿದ್ದರೆ ಅದು ಸ್ಪಾಸಮ್, ಅದಕ್ಕೆ ದಪ್ಪ ನಳಿಕೆ ಹಾಕಿದರೆ ನೋವು ಹೆಚ್ಚುತ್ತದೆಯೇ ಹೊರತು ಸೋರಿಕೆ ನಿಲ್ಲುವುದಿಲ್ಲ.

20ರ ಪೂರ್ಣ ಸಿಲಿಕೋನ್ ಕ್ಯಾಥೆಟರನ್ನು ಹಾಕಿ ನೋಡೋಣವೆಂದು ನಾನು ಕೇಳಿದಾಗ ನಮ್ಮಲ್ಲಿಗೆ ಬರುತ್ತಿದ್ದ ಶಸ್ತ್ರಚಿಕಿತ್ಸಕರು ಒಪ್ಪಲಿಲ್ಲ. “ಕ್ಲಾಟ್ ಕಟ್ಟಿದರೆ ರಾತ್ರಿ ಹನ್ನೆರಡಕ್ಕೆ ಹಾಸನದಿಂದ ಬರಬೇಕಾದವನು ನಾನಪ್ಪಾ” ಎಂದರು. ಬೇಲೂರು ದಾರಿಯಲ್ಲಿ 60 ಕಿಲೋಮೀಟರಿನಷ್ಟು ಓಡಿಸಿಕೊಂಡು ಬರಬೇಕಾದವರ ಭಯ ಸುಳ್ಳಲ್ಲ. ನಾನು ವಾದಕ್ಕೆ ಹೋಗದೆ, ಎರಡನ್ನೂ ಕತ್ತರಿಸಿ ಅಡ್ಡಕೊಯ್ತವನ್ನು ಅವರ ಮೇಜಿನ ಮೇಲಿಟ್ಟೆ. 22ರ ಹೊರವ್ಯಾಸ ಸುಮಾರು 7.3 ಮಿ.ಮೀ., 20ರದ್ದು 6.7 ಮಿ.ಮೀ.; ಆದರೆ ಸಿಲಿಕೋನಿನ ಗೋಡೆ ತೆಳುವಾದ್ದರಿಂದ ಮೂತ್ರ ಹರಿಯುವ ಒಳದಾರಿಯಲ್ಲಿ ಕಣ್ಣಿಗೆ ಕಾಣುವಂಥ ವ್ಯತ್ಯಾಸವಿರಲಿಲ್ಲ. ಇದರ ಮೇಲೆ, ಸಿರಿಂಜಿನಿಂದ ಕ್ಲಾಟ್ ಎಳೆಯುವಾಗ ಲೇಟೆಕ್ಸಿನಂತೆ ಸಿಲಿಕೋನ್ ಒಳಕ್ಕೆ ಕುಸಿದು ಅಂಟಿಕೊಳ್ಳುವುದಿಲ್ಲ. ಚಿಕ್ಕ ಗ್ರಂಥಿಯ, ರಕ್ತಸ್ರಾವ ಕಡಿಮೆಯಿದ್ದ ರೋಗಿಗಳಿಗೆ ಮಾತ್ರ ಎಂಬ ಕರಾರಿನ ಮೇಲೆ ಅವರು ಒಪ್ಪಿದರು.

ಮೊದಲ ಕೆಲವು ಪ್ರಯತ್ನಗಳು ಹೇಳಿಕೊಳ್ಳುವಂತಿರಲಿಲ್ಲ. ಹಾಕುವಾಗ ಸಲೀಸಾಗಿದ್ದ ಸಿಲಿಕೋನ್ ತೆಗೆಯುವಾಗ ಕಾಟ ಕೊಟ್ಟಿತು. ಸಿರಿಂಜಿನಿಂದ ಜೋರಾಗಿ ನೀರೆಳೆದರೆ ಬಲೂನು ಮಡಿಕೆ ಬಿದ್ದು ಅಂಚು ಕಟ್ಟುತ್ತದೆ, ಆ ಅಂಚು ಮೂತ್ರನಾಳವನ್ನು ಉಜ್ಜಿಕೊಂಡೇ ಹೊರಬರುತ್ತದೆ. ಈಗ ಸಿರಿಂಜನ್ನು ಸಿಕ್ಕಿಸಿ ನೀರು ತಾನಾಗಿ ಬರುವವರೆಗೆ ಕಾಯುತ್ತೇವೆ, ಆಮೇಲೆ ಅರ್ಧ ಎಂ.ಎಲ್.ನಷ್ಟು ಮರಳಿ ಬಿಟ್ಟು ಮೆಲ್ಲಗೆ ತೆಗೆಯುತ್ತೇವೆ. ಹುಮ್ಮಸ್ಸಿನಲ್ಲಿ 18ಕ್ಕೂ ಇಳಿದು ನೋಡಿದೆವು. ರಾತ್ರಿಯಿಡೀ ಕ್ಲಾಟ್ ತೊಳೆಯುವುದೇ ಕೆಲಸವಾಯಿತು, ಅಲ್ಲಿಗೆ ಅದನ್ನು ಕೈಬಿಟ್ಟೆವು.

ನಿಜವಾದ ನೆಮ್ಮದಿ ಬಂದದ್ದು ಎಳೆತವನ್ನು ಬೇಗ ಬಿಡಿಸತೊಡಗಿದ ಮೇಲೆ. ಬಲೂನು ಮೂತ್ರಕೋಶದ ಬುಡವನ್ನು ಇಡೀ ರಾತ್ರಿ ಒತ್ತುತ್ತಿದ್ದರೆ ಯಾವ ಕಂಪನಿಯ ಕ್ಯಾಥೆಟರ್ ಆದರೂ ಒಂದೇ. ಚೀಲದಲ್ಲಿ ಬರುತ್ತಿರುವುದು ಪುನರ್ಪುಳಿ ಶರಬತ್ತಿನಷ್ಟು ಕೆಂಪಿದ್ದರೆ ಎಳೆತ ಇರಲಿ, ತಿಳಿಗುಲಾಬಿಗೆ ತಿರುಗಿದರೆ ನಾಲ್ಕಾರು ಗಂಟೆಗಳಲ್ಲೇ ನನಗೆ ಫೋನ್ ಮಾಡಿ ಬಿಡಿಸಿ ಎಂದು ವೈದ್ಯರು ಬರೆದುಕೊಟ್ಟರು. ಬಲೂನಿನ ನೀರನ್ನು ಸಾಮಾನ್ಯವಾಗಿ 30ರಿಂದ 40ರೊಳಗೆ ನಿಲ್ಲಿಸುತ್ತಾರೆ. ತುಂಬುವುದು ಸ್ಟೆರೈಲ್ ವಾಟರ್ ಮಾತ್ರ, ಏಕೆಂದರೆ ಸಲೈನಿನ ಉಪ್ಪು ಹರಳುಗಟ್ಟಿದರೆ ಬಲೂನಿನ ದಾರಿ ಮುಚ್ಚಿ ಕ್ಯಾಥೆಟರ್ ತೆಗೆಯುವುದೇ ಕಷ್ಟವಾಗುತ್ತದೆ.

ಎಳೆತ ಬಿಟ್ಟ ಮೇಲೆ ನಳಿಕೆಯನ್ನು ತೊಡೆಯ ಬದಲು ಕೆಳಹೊಟ್ಟೆಗೆ, ತುಸು ಸಡಿಲವಾಗಿ ಅಂಟಿಸುತ್ತೇವೆ. ಬೋಳಿಸಿ ಒಣಗಿಸಿದ ಚರ್ಮವಿರಬೇಕು, ಪ್ಲಾಸ್ಟರ್ ಚೆನ್ನಾಗಿ ಹಿಡಿಯಲು ಟಿಂಚರ್ ಬೆಂಜೋಯಿನ್ ಹಚ್ಚಿರಬೇಕು. ಪ್ಲಾಸ್ಟರನ್ನು ನಾನು ಮಡಿಸುವ ರೀತಿ ಮಾತ್ರ ಬರೆದು ತಿಳಿಸುವಂಥದ್ದಲ್ಲ, ನಮ್ಮ ವಾರ್ಡಿಗೆ ಬಂದವರಿಗೆ ತೋರಿಸುತ್ತೇನೆ. ಮಗ್ಗುಲು ಬದಲಿಸಿದರೂ ಕೀಳದ ಆ ಮಡಿಕೆಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯಿದೆ. ಶುಚಿ ಮಾಡಿದ ಮೇಲೆ ಮುಂದೊಗಲನ್ನು ಮತ್ತೆ ಮುಂದಕ್ಕೆ ಸರಿಸಿದಿರಾ ಎಂದು ಪ್ರತಿ ಪಾಳಿಯಲ್ಲೂ ಕೇಳುತ್ತೇನೆ. ಮರೆತರೆ ಬಾವು ಬಂದು ಅದೇ ಒಂದು ಹೊಸ ಕೇಸಾಗುತ್ತದೆ.

ಜನವರಿಯ ಚಳಿಯಲ್ಲಿ ಮೂತ್ರಕೋಶ ತೊಳೆಯಲು ಹರಿಸುವ ಇರಿಗೇಶನ್ ಸಲೈನನ್ನು ಬೆಚ್ಚಗೆ ಮಾಡಿಯೂ ನೋಡಿದ್ದುಂಟು. ಹೊರಕವರ್ ಬಿಚ್ಚದ 3 ಲೀಟರಿನ ಚೀಲಗಳನ್ನು ಬಿಸಿನೀರಿನ ಟಬ್ಬಿನಲ್ಲಿಟ್ಟು ದೇಹದ ಶಾಖಕ್ಕೆ ತಂದು ತೂಗುಹಾಕಿದೆವು. ರೋಗಿಯ ನಡುಕ ಕಡಿಮೆಯಾದಂತೆ ಕಂಡಿತಾದರೂ ನಿಧಾನವಾಗಿ ಹನಿಸುವ ಹೊತ್ತಿಗೆ ಚೀಲ ಮತ್ತೆ ತಣ್ಣಗಾಗುತ್ತಿತ್ತು. ಹಾಗಾಗಿ ರಭಸವಾಗಿ ಹರಿಸುವ ಮೊದಲ ಒಂದೆರಡು ಚೀಲಗಳಿಗಷ್ಟೇ ಈ ಉಪಚಾರ. ಟಾಲ್ಟೆರೋಡಿನ್ ಮಾತ್ರೆ ಸ್ಪಾಸಮ್ಮಿಗೆ ನೆರವಾಗುತ್ತದೆ, ಆದರೆ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಹೆಚ್ಚುವ ಕಾಯಿಲೆ) ಇದೆಯೇ ಎಂದು ಮೊದಲೇ ಕೇಳಿರಬೇಕು ಮತ್ತು ಕ್ಯಾಥೆಟರ್ ತೆಗೆಯುವ ಮುನ್ನವೇ ವೈದ್ಯರು ಅದನ್ನು ನಿಲ್ಲಿಸಿರಬೇಕು, ಇಲ್ಲವಾದರೆ ತೆಗೆದ ಮೇಲೆ ಮೂತ್ರ ಕಟ್ಟಿಕೊಳ್ಳಬಹುದು.

ಇನ್ನು ದುಡ್ಡಿನ ಮಾತು. ಲೇಟೆಕ್ಸ್ ತ್ರೀವೇ ನಮಗೆ 200 ರೂಪಾಯಿಯ ಆಸುಪಾಸಿಗೆ ಬರುತ್ತಿತ್ತು, ಸಿಲಿಕೋನಿನದು 800ರ ಹತ್ತಿರ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ರೋಗಿಗೆ ಪ್ಯಾಕೇಜ್ ದರ ನಿಗದಿಯಾಗಿರುವುದರಿಂದ ಆ ಹೆಚ್ಚುವರಿ 600 ಆಸ್ಪತ್ರೆಯದೇ ಹೊರೆ. ಆಡಳಿತದವರು ಮುಖ ಗಂಟಿಕ್ಕಿದರು. ನಾನು ರಾತ್ರಿ ಬದಲಿಸಿದ ಬೆಡ್‌ಶೀಟು, ಖರ್ಚಾದ ಸಲೈನ್, ಹಾಕಿದ ನೋವಿನ ಇಂಜೆಕ್ಷನ್, ವೈದ್ಯರಿಗೆ ಹೋದ ಕರೆ ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಹೋದೆ. ನೆನಪಿನ ಮೇಲೆ ಹೇಳುವುದಾದರೆ ಒಬ್ಬ ರೋಗಿಗೆ 400ರಿಂದ 500 ರೂಪಾಯಿಯಷ್ಟು ಅಲ್ಲೇ ಉಳಿಯುತ್ತಿತ್ತು. ಉಳಿದದ್ದನ್ನು ವಿತರಕರ ಬಳಿ ಒಟ್ಟಾಗಿ ಖರೀದಿಸಿ ಸರಿದೂಗಿಸಿದೆವು; ಯಾವ ದರಕ್ಕೆ ಕುದುರಿತೆಂಬುದನ್ನು ಹೇಳುವ ಹಾಗಿಲ್ಲ.

22ರ ಲೇಟೆಕ್ಸ್ ನಮ್ಮ ಥಿಯೇಟರಿನ ಕಪಾಟಿನಲ್ಲಿ ಇಂದಿಗೂ ಇದೆ. ಗ್ರಂಥಿ ಬಹಳ ದೊಡ್ಡದಿದ್ದಾಗ, ಇಲ್ಲವೇ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ರಕ್ತಸ್ರಾವ ನಿಲ್ಲದಿದ್ದಾಗ ವೈದ್ಯರು ಅದನ್ನೇ ಕೇಳುತ್ತಾರೆ, ನಾನೂ ಮರುಮಾತಿಲ್ಲದೆ ಕೊಡುತ್ತೇನೆ.